ಟ್ರೇಲರ್ ಕಟ್ಟಿದರೆ ಕಾರಿನ ಹಿಂಭಾಗ ಕುಕ್ಕರಿಸುತ್ತದೆ, ಏನು ಮಾಡಲಿ?

ಪ್ರಶ್ನೆ: ನನ್ನದು ಹನ್ನೆರಡು ವರ್ಷ ಹಳೆಯ ಎಸ್‌ಯುವಿ, ಹಿಂದೆ ಕಾಯಿಲ್ ಸ್ಪ್ರಿಂಗ್. ತಿಂಗಳಿಗೆ ಎರಡು ಸಲ ಡಿಕ್ಕಿ ತುಂಬಿಕೊಂಡು ಟ್ರೇಲರ್ ಎಳೆಯುತ್ತೇನೆ. ಆಗ ಹಿಂಭಾಗ ಕುಕ್ಕರಿಸಿ ಸ್ಟಿಯರಿಂಗ್ ಹಗುರವಾಗುತ್ತದೆ. ಎದುರಿನ ಗಾಡಿಯವರು ಹೆಡ್‌ಲೈಟ್ ಕಣ್ಣಿಗೆ ಹೊಡೆಯುತ್ತಿದೆ ಎಂದು ಡಿಪ್ ಕೊಡುತ್ತಾರೆ. ಗ್ಯಾರೇಜಿನವರು ಗಟ್ಟಿ ಶಾಕ್ ಅಬ್ಸಾರ್ಬರ್ ಹಾಕಿಸಿ ಎನ್ನುತ್ತಾರೆ. ಗೆಳೆಯ, ಸ್ಪ್ರಿಂಗ್ ಸುರುಳಿಯ ನಡುವೆ ರಬ್ಬರ್ ಬಫರ್ ತುರುಕಿದರೆ ಸಾಕು ಎನ್ನುತ್ತಾನೆ. ಸ್ಪ್ರಿಂಗ್‌ಗೆ ಆಸರೆಯಾಗುವ, ಗಾಳಿ ತುಂಬುವ ಏರ್ ಬ್ಯಾಗ್ ಹಾಕಿಸಿದರೆ ಇನ್ನೂ 200 ಕೆ.ಜಿ. ಹೆಚ್ಚಿಗೆ ಹೇರಬಹುದೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅಪಾಯ ಇರುವುದು ಅಲ್ಲೇ. ಹೇರುವಂತಿಲ್ಲ. ಗಾಡಿ ಎಷ್ಟು ಭಾರ ಹೊರಬಹುದು ಎಂಬುದನ್ನು ಆಕ್ಸಲ್, ಬೇರಿಂಗ್, ಬ್ರೇಕ್, ಟೈರ್, ಚಾಸಿ ಎಲ್ಲ ಸೇರಿ ತೀರ್ಮಾನಿಸುತ್ತವೆ. ಕಂಪನಿ ಕೊಟ್ಟಿರುವ ಮಿತಿ ಯಾವ ಸ್ಪ್ರಿಂಗ್ ಹಾಕಿದರೂ ಬದಲಾಗುವುದಿಲ್ಲ. ಹೊಸ ಸ್ಪ್ರಿಂಗ್ ಮಾಡುವುದು ಇಷ್ಟೇ: ಆ ಮಿತಿಯೊಳಗಿನ ಭಾರವನ್ನು ಹೊತ್ತಾಗ ಗಾಡಿಯನ್ನು ನೆಟ್ಟಗೆ ನಿಲ್ಲಿಸುತ್ತದೆ.

ಇನ್ನು ಶಾಕ್ ಅಬ್ಸಾರ್ಬರ್. ಭಾರ ಹೊರುವುದು ಸ್ಪ್ರಿಂಗ್. ಸಾಮಾನ್ಯ ಶಾಕ್ ಅಬ್ಸಾರ್ಬರ್ ಅದರ ಕುಣಿತವನ್ನು ತಡೆಯುತ್ತದೆ, ಅಷ್ಟೇ. ಅದನ್ನು ಮಾತ್ರ ಬದಲಿಸಿದರೆ ಗಾಡಿ ನಿಧಾನವಾಗಿ ಕುಕ್ಕರಿಸೀತು, ಆದರೆ ಕುಕ್ಕರಿಸಿಯೇ ತೀರುತ್ತದೆ. ಹಾಗೆಂದು ನಿಮ್ಮ ಗ್ಯಾರೇಜಿನವರು ಪೂರ್ತಿ ತಪ್ಪಲ್ಲ. ಗಟ್ಟಿ ಸ್ಪ್ರಿಂಗ್ ಹಾಕಿದ ಮೇಲೆ ಅದು ವಾಪಸ್ ಚಿಮ್ಮುವ ಜೋರನ್ನು ಹಳೆಯ ಶಾಕ್ ಹಿಡಿಯಲಾರದು, ಆಗ ಎರಡನ್ನೂ ಒಟ್ಟಿಗೆ ಬದಲಿಸಬೇಕು. ರಬ್ಬರ್ ಬಫರ್ ಬೇಡ. ಅದು ಎರಡು ಸುರುಳಿಗಳನ್ನು ಅಲುಗದಂತೆ ಹಿಡಿದುಬಿಡುತ್ತದೆ, ಅವುಗಳ ಪಾಲಿನ ಬಾಗುವಿಕೆಯನ್ನೂ ಉಳಿದ ಸುರುಳಿಗಳೇ ಹೊರಬೇಕಾಗುತ್ತದೆ.

ಏನನ್ನಾದರೂ ಕೊಳ್ಳುವ ಮೊದಲು ಒಂದು ಟೇಪ್ ಹಿಡಿದು ಸಮತಟ್ಟಾದ ಜಾಗಕ್ಕೆ ಹೋಗಿ. ಚಕ್ರದ ನಡುಮಧ್ಯದಿಂದ ಮೇಲಿನ ಮಡ್‌ಗಾರ್ಡ್ ಅಂಚಿನವರೆಗೆ ನಾಲ್ಕೂ ಕಡೆ ಅಳೆಯಿರಿ. ಮೊದಲು ಗಾಡಿ ಖಾಲಿ ಇದ್ದಾಗ, ಆಮೇಲೆ ಸಾಮಾನು ತುಂಬಿ ಟ್ರೇಲರ್ ಕಟ್ಟಿ. ಖಾಲಿ ಇದ್ದಾಗಲೇ ಹಿಂಭಾಗ ಕಂಪನಿ ಹೇಳಿದ ಎತ್ತರಕ್ಕಿಂತ ತಗ್ಗಿದ್ದರೆ ಸ್ಪ್ರಿಂಗ್ ಸೋತಿದೆ. ಹನ್ನೆರಡು ವರ್ಷದ ಗಾಡಿಯಲ್ಲಿ ಇದು ಆಶ್ಚರ್ಯವಲ್ಲ, ಕಂಪನಿಯದೇ ಹೊಸ ಜೋಡಿ ಹಾಕಿದರೂ ಅರ್ಧ ಸಮಸ್ಯೆ ತೀರಬಹುದು. ಗಾಡಿಯ ಕೆಳಗೆ ಬಗ್ಗಿ ಬಂಪ್ ಸ್ಟಾಪ್ ಎಂಬ ರಬ್ಬರ್ ಗುಬಟನ್ನೂ ನೋಡಿ. ಅದರ ತುದಿ ಉಜ್ಜಿ ಹೊಳೆಯುತ್ತಿದ್ದರೆ ಅಥವಾ ಬಿರುಕು ಬಿಟ್ಟಿದ್ದರೆ ಆಕ್ಸಲ್ ಮತ್ತೆ ಮತ್ತೆ ಅದಕ್ಕೆ ಬಡಿಯುತ್ತಿದೆ ಎಂದರ್ಥ.

ಹಿಚ್, ಅಂದರೆ ಟ್ರೇಲರ್ ಕಟ್ಟುವ ಕೊಂಡಿಯ ಮೇಲಿನ ಭಾರದ ಲೆಕ್ಕವನ್ನು ಹೆಚ್ಚಿನವರು ತಪ್ಪಾಗಿ ಹಾಕುತ್ತಾರೆ. ಹಿಚ್ ಇರುವುದು ಹಿಂದಿನ ಆಕ್ಸಲ್‌ನ ಆಚೆಗೆ, ಹಾಗಾಗಿ ಅದು ಸನ್ನೆಗೋಲಿನಂತೆ ಕೆಲಸ ಮಾಡುತ್ತದೆ. ಮುಂದಿನ ಮತ್ತು ಹಿಂದಿನ ಆಕ್ಸಲ್ ನಡುವೆ 2.7 ಮೀಟರ್, ಹಿಂದಿನ ಆಕ್ಸಲ್‌ನಿಂದ ಹಿಚ್‌ಗೆ 1.2 ಮೀಟರ್ ಇದೆ ಎಂದುಕೊಳ್ಳಿ. ಟ್ರೇಲರಿನ ಮೂತಿ ಹಿಚ್ ಮೇಲೆ 100 ಕೆ.ಜಿ. ಒತ್ತಿದರೆ ಹಿಂದಿನ ಆಕ್ಸಲ್ ಮೇಲೆ ಬೀಳುವುದು ಸುಮಾರು 144 ಕೆ.ಜಿ. ಆ ಹೆಚ್ಚುವರಿ 44 ಕೆ.ಜಿ. ಮುಂದಿನ ಚಕ್ರಗಳಿಂದ ಎದ್ದು ಹೋಗಿದ್ದು. ನಿಮ್ಮ ಸ್ಟಿಯರಿಂಗ್ ಹಗುರವಾಗುವುದು ಇದರಿಂದಲೇ. ಡಿಕ್ಕಿಯ ತುತ್ತತುದಿಯಲ್ಲಿಟ್ಟ ಸಾಮಾನೂ ಇದನ್ನೇ ಮಾಡುತ್ತದೆ. ಭಾರದ ವಸ್ತುಗಳನ್ನು ಹಿಂದಿನ ಸೀಟಿಗೆ ಒತ್ತಿ, ನೆಲಮಟ್ಟದಲ್ಲಿಡಿ. ಟ್ರೇಲರಿನಲ್ಲಿ ಮಾತ್ರ ಮೂತಿಭಾರ ಕಡಿಮೆ ಮಾಡುವ ಉತ್ಸಾಹದಲ್ಲಿ ಎಲ್ಲವನ್ನೂ ಹಿಂದಕ್ಕೆ ತಳ್ಳಬೇಡಿ, ವೇಗದಲ್ಲಿ ಅದು ಬಾಲ ಬೀಸತೊಡಗುತ್ತದೆ.

ಇಷ್ಟಾದ ಮೇಲೂ ತಗ್ಗಿದರೆ ಎರಡು ದಾರಿ. ದಿನವೂ ಒಂದೇ ಭಾರ ಹೊರುವವರಿಗೆ ಗಟ್ಟಿ ಕಾಯಿಲ್ ಒಳ್ಳೆಯದು, ಆದರೆ ಖಾಲಿ ಓಡಿಸುವಾಗ ಎತ್ತಿ ಕುಕ್ಕುತ್ತದೆ. ತಿಂಗಳಿಗೆ ಎರಡೇ ಸಲ ಎಳೆಯುವ ನಿಮಗೆ ಕಾಯಿಲ್ ಒಳಗೆ ಕೂರುವ ಏರ್ ಬ್ಯಾಗ್ ಸರಿ. ಎಡ ಬಲಕ್ಕೆ ಬೇರೆ ಬೇರೆ ಗಾಳಿ ಪೈಪ್ ಹಾಕಿಸಿ. ಎರಡನ್ನೂ ಒಂದೇ ಪೈಪಿಗೆ ಜೋಡಿಸಿದರೆ ತಿರುವಿನಲ್ಲಿ ಒತ್ತಿದ ಕಡೆಯ ಗಾಳಿ ಆಚೆ ಬದಿಗೆ ಓಡಿ ಗಾಡಿ ಇನ್ನಷ್ಟು ವಾಲುತ್ತದೆ. ಖಾಲಿ ಓಡಿಸುವಾಗಲೂ ಗಾಳಿ ಪೂರ್ತಿ ಬಿಡಬೇಡಿ. ಕಿಟ್ ಜೊತೆಯ ಹಾಳೆಯಲ್ಲಿ ಹೇಳಿದ ಕನಿಷ್ಠ ಒತ್ತಡ ಇಲ್ಲದಿದ್ದರೆ ಬ್ಯಾಗ್ ಮಡಚಿಕೊಂಡು ಸುರುಳಿಗೆ ಸಿಕ್ಕಿ ಹರಿಯುತ್ತದೆ.

ಕೆಲವು ಹಳೆಯ ಗಾಡಿಗಳಲ್ಲಿ ಹಿಂದಿನ ಆಕ್ಸಲ್‌ಗೆ ಒಂದು ಸಣ್ಣ ಸರಳಿನಿಂದ ಜೋಡಿಸಿದ ಬ್ರೇಕ್ ವಾಲ್ವ್ ಇರುತ್ತದೆ. ಹಿಂಭಾಗ ತಗ್ಗಿದಷ್ಟೂ ಅದು ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಕೊಡುತ್ತದೆ. ನನ್ನ ಹಳೆಯ ಪಿಕಪ್‌ಗೆ ಏರ್ ಬ್ಯಾಗ್ ಹಾಕಿಸಿದಾಗ ಈ ಸರಳಿನ ಕಡೆ ಯಾರೂ ನೋಡಲಿಲ್ಲ, ನಾನೂ ಸೇರಿ. ಪೂರ್ತಿ ಭಾರ ಹೇರಿದ್ದರೂ ಎತ್ತರ ನೋಡಿ ವಾಲ್ವ್ ಗಾಡಿ ಖಾಲಿ ಎಂದೇ ತಿಳಿಯಿತು; ಮೊದಲ ಇಳಿಜಾರಿನಲ್ಲೇ ಎಲ್ಲ ಹೊರೆಯೂ ಮುಂದಿನ ಬ್ರೇಕಿನ ಮೇಲೆ ಬಿದ್ದು ಸುಟ್ಟ ವಾಸನೆ ಬಂತು. ನಿಮ್ಮದರಲ್ಲಿ ಆ ವಾಲ್ವ್ ಇದೆಯೇ ಎಂದು ಕೇಳಿ ತಿಳಿದುಕೊಳ್ಳಿ. ಇದ್ದರೆ ಹೊಸ ಎತ್ತರಕ್ಕೆ ತಕ್ಕಂತೆ ಹೊಂದಿಸದೆ ಗ್ಯಾರೇಜಿನಿಂದ ಹೊರಡಬೇಡಿ.

ಕೆಲಸ ಮುಗಿದ ಮೇಲೆ ಅದೇ ಭಾರ ಹೇರಿ, ಹಿಂದಿನ ಟೈರುಗಳಿಗೆ ಪೂರ್ತಿ ಭಾರಕ್ಕೆ ಹೇಳಿರುವ ಗಾಳಿ ತುಂಬಿಸಿ ಮತ್ತೆ ಅಳೆಯಿರಿ. ಹಿಂಭಾಗ ಒಂದಿಷ್ಟು ತಗ್ಗಿದ್ದರೆ ಚಿಂತೆಯಿಲ್ಲ. ಆದರೆ ಹಿಂಭಾಗ ಎದ್ದಿದ್ದೂ ಮುಂಭಾಗ ಇಳಿಯದೆ ಇದ್ದರೆ ಮೂತಿಭಾರವೇ ಹೆಚ್ಚು, ಟ್ರೇಲರಿನ ಸಾಮಾನನ್ನು ಸ್ವಲ್ಪ ಹಿಂದಕ್ಕೆ ಸರಿಸಿ ನೋಡಿ. ಆ ದಿನ ಸಂಜೆ ಗೋಡೆಯೆದುರು ನಿಲ್ಲಿಸಿ ಹೆಡ್‌ಲೈಟ್ ಬೆಳಕಿನ ಮೇಲಂಚನ್ನೂ ಸರಿಮಾಡಿಸಿ.