ಅಕ್ರಿಲಿಕ್ ಪ್ರಿಂಟ್: ಹೊಳಪು ಯಾವ ಚಿತ್ರಕ್ಕೆ ಒಗ್ಗುತ್ತದೆ?

ಪ್ರಶ್ನೆ: ಸೋಫಾದ ಮೇಲಿನ ಗೋಡೆಗೆ ಅಮೆರಿಕದ ಅಮೂರ್ತ ಚಿತ್ರಕಾರರಾದ ಜಾಕ್ಸನ್ ಪೊಲಾಕ್ ಅಥವಾ ಮಾರ್ಕ್ ರಾಥ್ಕೊ ಅವರ ಚಿತ್ರದ ಅಕ್ರಿಲಿಕ್ ಪ್ರಿಂಟ್ (ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಹಿಂದೆ ಕೂರಿಸಿದ ಚಿತ್ರ) ಹಾಕಬೇಕೆಂದಿದ್ದೇವೆ. ಎದುರಿಗೇ ದೊಡ್ಡ ಕಿಟಕಿಯಿದೆ. ಯಾವುದು ಒಳ್ಳೆಯದು?

ಉತ್ತರ: ಕಿಟಕಿ ಎದುರಿಗಿದ್ದರೆ ಪೊಲಾಕ್. ಹೊಳಪಿನ ಅಕ್ರಿಲಿಕ್ ಹಿಂದೆ ಬಣ್ಣ ಕಡುವಾದಷ್ಟೂ ಪ್ರತಿಬಿಂಬ ಎದ್ದು ಕಾಣುತ್ತದೆ. ರಾಥ್ಕೊ ಅವರ ಕಡುಗೆಂಪು, ಕಂದು ಪಟ್ಟೆಗಳಲ್ಲಿ ಹಗಲೆಲ್ಲ ಕಾಣುವುದು ನಿಮ್ಮ ಕಿಟಕಿಯೇ. ಅವರು ತೆಳು ಬಣ್ಣವನ್ನು ಪದರದ ಮೇಲೆ ಪದರ ಹಚ್ಚಿ ಅಂಚುಗಳನ್ನು ಮಸುಕಾಗಿಸಿದವರು. ಆ ಮಸುಕು ಗಾಜಿನಂಥ ಹೊಳಪಿನಡಿ ಸತ್ತುಹೋಗುತ್ತದೆ. ರಾಥ್ಕೊ ಬೇಕೇ ಬೇಕೆಂದರೆ ಹೊಳಪಿಲ್ಲದ ಕಾಗದವೋ ಕ್ಯಾನ್ವಾಸೋ ಸರಿ.

ಪೊಲಾಕ್ ಕ್ಯಾನ್ವಾಸಿನ ಮೇಲೆ ಬಣ್ಣ ಸುರಿದು, ತೊಟ್ಟಿಕ್ಕಿಸಿ ಚಿತ್ರ ಬಿಡಿಸಿದವರು. ಸುರಿದದ್ದು ಹೆಚ್ಚಾಗಿ ಎನಾಮೆಲ್ ಪೇಂಟ್, ಹೊಳಪು ಅದರ ಗುಣವೇ. ಎಳೆಗಳ ಗೋಜಲಿನಲ್ಲಿ ಪ್ರತಿಬಿಂಬವೂ ಚೂರಾಗುತ್ತದೆ.

ಆದರೆ ಅಳತೆ ನೋಡಿಕೊಳ್ಳಿ. ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿರುವ ಪೊಲಾಕ್ ಅವರ ‘ಆಟಮ್ ರಿದಮ್ (ನಂಬರ್ 30)’, 1950ರದ್ದು, 266.7 × 525.8 ಸೆಂ.ಮೀ. ಅಂದರೆ ಎತ್ತರದ ಸುಮಾರು ಎರಡು ಪಟ್ಟು ಅಗಲ. ಸಿದ್ಧ ಅಳತೆಯ 60 × 90ಕ್ಕೆ ತುಂಬಿಸಿದರೆ ಬದಿಗಳಿಂದ ಸುಮಾರು ಕಾಲು ಭಾಗ ಕತ್ತರಿಗೆ ಹೋಗುತ್ತದೆ. 60 × 118 ಎಂದು ಬರೆದೇ ಆರ್ಡರ್ ಕೊಡಿ. ಫೈಲಿನ ಉದ್ದನೆಯ ಬದಿ 4,700 ಪಿಕ್ಸೆಲ್‌ಗಿಂತ ಕಡಿಮೆಯಿದ್ದರೆ ಬೇಡ. 7,000 ಇದ್ದರೆ ಹತ್ತಿರ ನಿಂತರೂ ತೊಟ್ಟಿಕ್ಕಿದ ಬಣ್ಣದ ಅಂಚು ಕದಡದು.

ಪ್ರಶ್ನೆ: ಒಬ್ಬರು ನೇರ ಯುವಿ ಪ್ರಿಂಟ್ ಎನ್ನುತ್ತಾರೆ, ಇನ್ನೊಬ್ಬರು ಫೋಟೊ ಪೇಪರ್ ಅಂಟಿಸುವುದು ಎನ್ನುತ್ತಾರೆ. ವ್ಯತ್ಯಾಸವೇನು?

ಉತ್ತರ: ಮೊದಲನೆಯದರಲ್ಲಿ ಅಕ್ರಿಲಿಕ್ ಹಾಳೆಯ ಬೆನ್ನಿಗೇ, ಅತಿನೇರಳೆ (ಯುವಿ) ಬೆಳಕಿನಲ್ಲಿ ಗಟ್ಟಿಯಾಗುವ ಶಾಯಿ ಕೂರುತ್ತದೆ, ಅದರ ಹಿಂದೆ ಬಿಳಿ ಶಾಯಿ. ಆ ಬಿಳಿ ತೆಳುವಾದರೆ ತಿಳಿ ಬಣ್ಣಗಳ ಮೂಲಕ ಗೋಡೆ ಇಣುಕುತ್ತದೆ. ಬೆನ್ನಿಗೆ ಟಾರ್ಚ್ ಹಿಡಿದರೆ ಗೊತ್ತಾಗುತ್ತದೆ. ಎರಡನೆಯದು ಹೆಚ್ಚು ನವಿರು, ಆದರೆ ಅಂಟಿಸುವಾಗ ಸಿಕ್ಕಿಬಿದ್ದ ಧೂಳು, ಗುಳ್ಳೆ ಮತ್ತೆ ಹೊರಬಾರದು. ಪ್ಯಾಕ್ ಬಿಚ್ಚಿದ ಕೂಡಲೇ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ದಪ್ಪ 5 ಮಿ.ಮೀ. ಇರಲಿ, 118 ಸೆಂ.ಮೀ. ಉದ್ದಕ್ಕೆ 3 ಮಿ.ಮೀ. ದಪ್ಪದ ಹಾಳೆ ಬಾಗುತ್ತದೆ. ಬರೀ ಹಾಳೆಯ ತೂಕವೇ 4 ಕೆ.ಜಿ. ದಾಟುತ್ತದೆ.

ಪ್ರಶ್ನೆ: ಮೂಲೆಯ ಸ್ಕ್ರೂ ತೂತಿನ ಸುತ್ತ ಕೂದಲೆಳೆಯಂಥ ಬಿರುಕು ಮೂಡಿದೆ. ಏಕೆ?

ಉತ್ತರ: ಬಿಗಿ ಹೆಚ್ಚಾಗಿದೆ. ಅಕ್ರಿಲಿಕ್ ಬಿಸಿಗೆ ಹಿಗ್ಗುತ್ತದೆ: ಒಂದು ಮೀಟರ್ ಹಾಳೆ 10 ಡಿಗ್ರಿ ಏರಿದರೆ ಸುಮಾರು 0.7 ಮಿ.ಮೀ. ತೂತಿನಲ್ಲಿ ಜಾಗವಿಲ್ಲದಿದ್ದರೆ ಆ ಒತ್ತಡ ಅಲ್ಲಿಯೇ ಬಿರಿಯುತ್ತದೆ. ತೂತು ಸ್ಕ್ರೂಗಿಂತ 1–2 ಮಿ.ಮೀ. ಅಗಲವಿರಬೇಕು, ನಡುವೆ ನೈಲಾನ್ ವಾಷರ್ ಬೇಕು, ತಿರುಗಿಸುವುದು ಬೆರಳಿನ ಬಿಗಿಯಷ್ಟೇ. ಬಂದ ಬಿರುಕು ಹೋಗದು. ಈಗಲೇ ನಾಲ್ಕೂ ಸ್ಕ್ರೂ ಸಡಿಲಿಸಿದರೆ ಬೆಳೆಯುವುದಾದರೂ ತಗ್ಗೀತು.

ಗಾಜು ಒರೆಸುವ ದ್ರಾವಣ ಬಳಸುತ್ತಿದ್ದರೆ ಅದನ್ನೂ ಬಿಡಿ. ಅಮೋನಿಯಾ, ಸ್ಪಿರಿಟ್ ಎರಡೂ ಅಕ್ರಿಲಿಕ್ಕಿಗೆ ಸಣ್ಣ ಸಣ್ಣ ಬಿರುಕು ತರಿಸುತ್ತವೆ. ಮೈಕ್ರೊಫೈಬರ್ ಬಟ್ಟೆ, ನೀರು, ಒಂದು ಹನಿ ಸೌಮ್ಯ ಸೋಪು ಸಾಕು. ಒಣ ಬಟ್ಟೆಯಿಂದ ಉಜ್ಜಿದರೆ ಸ್ಥಾಯೀ ವಿದ್ಯುತ್ ಹುಟ್ಟಿ ಇನ್ನಷ್ಟು ಧೂಳು ಅಂಟುತ್ತದೆ.