ಮುಂಬೈಯಿಂದ ಲಕ್ಷದ್ವೀಪದ ಕ್ರೂಸ್: ಹದಿಹರೆಯದ ಮಕ್ಕಳಿಗೆ ಯಾವ ಶೋರ್ ಎಕ್ಸ್‌ಕರ್ಷನ್ ಆರಿಸಬೇಕು?

ಪುಣೆಯಿಂದ ನೀವು ಕೇಳಿರುವುದು ಇದು: ದೀಪಾವಳಿ ರಜೆಯಲ್ಲಿ ಮುಂಬೈ ಬಂದರಿನಿಂದ ಲಕ್ಷದ್ವೀಪಕ್ಕೆ ಹೋಗಿ ಗೋವಾ ಮಾರ್ಗವಾಗಿ ಮರಳುವ ಕ್ರೂಸ್‌ನಲ್ಲಿ 16 ವರ್ಷದ ಮಗ, 13 ವರ್ಷದ ಮಗಳು ಮತ್ತು ಅತ್ತೆಯವರೊಂದಿಗೆ ಹೊರಟಿದ್ದೀರಿ; ಹಡಗಿನವರು ಕಳುಹಿಸಿದ ಶೋರ್ ಎಕ್ಸ್‌ಕರ್ಷನ್‌ಗಳ (ಹಡಗು ನಿಂತಾಗ ದಡಕ್ಕಿಳಿದು ಮಾಡುವ ಸುತ್ತಾಟಗಳ) ಪಟ್ಟಿಯಲ್ಲಿ ಮಕ್ಕಳು ಮುಖ ಸಿಂಡರಿಸದೆ ಬರುವಂಥದ್ದು ಯಾವುದು, ದುಡ್ಡು ಯಾವುದಕ್ಕೆ ಹಾಕಬೇಕು. ನಾನು ಡೊಂಬಿವಲಿಯಲ್ಲಿರುವವಳು, ನನ್ನ ಮಕ್ಕಳನ್ನೂ ಅಕ್ಕನ ಮಕ್ಕಳನ್ನೂ ಇದೇ ವಯಸ್ಸಿನಲ್ಲಿ ಸಮುದ್ರಕ್ಕೆ ಕರೆದುಕೊಂಡು ಹೋಗಿರುವುದರಿಂದ ಧೈರ್ಯವಾಗಿ ಹೇಳಬಲ್ಲೆ. ಪಟ್ಟಿಯಲ್ಲಿರುವ ಪ್ರತಿಯೊಂದರ ಪಕ್ಕದಲ್ಲಿ, ಮಕ್ಕಳು ತಾವೇ ಕೈಕಾಲು ಆಡಿಸುವ ಸಮಯ ಎಷ್ಟು, ಕುಳಿತು ಕಾಯುವ ಸಮಯ ಎಷ್ಟು ಎಂದು ಬರೆದು ನೋಡಿ. ಮೊದಲನೆಯದು ಹೆಚ್ಚಿರುವ ಎರಡು ಮೂರನ್ನು ಉಳಿಸಿಕೊಂಡು, ಅವುಗಳಲ್ಲಿ ಒಂದನ್ನು ಆರಿಸುವ ಕೆಲಸವನ್ನು ಮಗನಿಗೂ ಮಗಳಿಗೂ ಬೇರೆ ಬೇರೆಯಾಗಿ ಬಿಟ್ಟುಬಿಡಿ.

ಕಾಯುವ ಸಮಯಕ್ಕೆ ಇಷ್ಟು ಮಹತ್ವ ಕೊಡುವುದಕ್ಕೆ ಕಾರಣವಿದೆ. ಅಗತ್ತಿಯಾಗಲಿ ಕಡ್ಮತ್ ಆಗಲಿ, ಆ ದ್ವೀಪಗಳ ಸುತ್ತ ಹವಳದ ದಿಬ್ಬವಿರುವುದರಿಂದ ದೊಡ್ಡ ಹಡಗು ದಡಕ್ಕೆ ತಾಗುವುದಿಲ್ಲ. ಅದು ಆಳವಾದ ನೀರಿನಲ್ಲಿ ಲಂಗರು ಹಾಕುತ್ತದೆ, ಪ್ರಯಾಣಿಕರು ಚಿಕ್ಕ ದೋಣಿಗಳಿಗೆ ಇಳಿದು ಜೆಟ್ಟಿ ಸೇರಬೇಕು. ಆದ್ದರಿಂದ ಕಾಗದದ ಮೇಲೆ ಬೆಳಿಗ್ಗೆಯಿಂದ ಸಂಜೆಯವರೆಗೆ ಎಂದು ಕಾಣುವ ದ್ವೀಪದ ದಿನವು, ಸರದಿಗಾಗಿ ಕಾಯುವುದು, ದೋಣಿಯ ಪ್ರಯಾಣ, ಜೆಟ್ಟಿಯಲ್ಲಿ ಗುಂಪು ಸೇರುವುದು, ಊಟ, ಮತ್ತೆ ಕೊನೆಯ ದೋಣಿಯ ಗಡುವು ಇವೆಲ್ಲವನ್ನು ಕಳೆದರೆ ಸಾಕಷ್ಟು ಕುಗ್ಗಿಬಿಡುತ್ತದೆ. ದೊಡ್ಡವರು ಈ ಕಾಯುವಿಕೆಯನ್ನು ಹರಟೆಯಲ್ಲಿ ಕಳೆದುಬಿಡುತ್ತಾರೆ. 13ರ ಹುಡುಗಿಗೆ ಅದು ಇಡೀ ದಿನದ ಮೇಲೆಯೇ ಜಿಗುಪ್ಸೆ ಹುಟ್ಟಿಸುತ್ತದೆ. ಹೀಗಾಗಿ ಮೊದಲ ತಂಡದ ದೋಣಿಯಲ್ಲಿ ಜಾಗ ಕೇಳಿ, ಮತ್ತು ಗಾಜಿನ ತಳದ ದೋಣಿ, ಬಾಳೆಹಣ್ಣಿನ ಆಕಾರದ ರಬ್ಬರ್ ದೋಣಿ, ಕಯಾಕ್ (ತಾವೇ ಹುಟ್ಟುಹಾಕುವ ಚಿಕ್ಕ ದೋಣಿ), ಸ್ನಾರ್ಕೆಲಿಂಗ್ (ಮಾಸ್ಕ್ ತೊಟ್ಟು, ಕೊಳವೆಯಿಂದ ಉಸಿರಾಡುತ್ತ ನೀರಿನ ಮೇಲೆ ತೇಲಿ ಕೆಳಗೆ ನೋಡುವುದು), ಸೂರ್ಯಾಸ್ತ ಎಂದು ಐದು ಬಗೆಯನ್ನು ಸೇರಿಸಿದ ಪ್ಯಾಕೇಜ್ ಎಷ್ಟೇ ಅಗ್ಗವಾಗಿ ಕಂಡರೂ ಅದರಿಂದ ದೂರವಿರಿ. ಅದರಲ್ಲಿ ಒಂದೊಂದಕ್ಕೂ ಸಿಗುವುದು ಹತ್ತು ಹದಿನೈದು ನಿಮಿಷ. ಉಳಿದದ್ದೆಲ್ಲ ಸಾಲಿನಲ್ಲಿ ನಿಲ್ಲುವುದು.

ಒಂದೇ ಒಂದನ್ನು ಆರಿಸಬೇಕೆಂದರೆ ನಾನು ಸ್ನಾರ್ಕೆಲಿಂಗ್ ಎನ್ನುತ್ತೇನೆ, ಅದೂ ಲಗೂನಿನಲ್ಲಿ (ಹವಳದ ದಿಬ್ಬಕ್ಕೂ ದಡಕ್ಕೂ ನಡುವಿನ ಆಳವಿಲ್ಲದ ನೀರಿನಲ್ಲಿ) ಕನಿಷ್ಠ ಒಂದು ಗಂಟೆಯಾದರೂ ನೀರಿನಲ್ಲಿರಲು ಬಿಡುವಂಥದ್ದು. ಲಕ್ಷದ್ವೀಪದ ಹೆಚ್ಚಿನ ದ್ವೀಪಗಳಲ್ಲಿ ಲಗೂನ್ ಇರುವುದು ಪಶ್ಚಿಮದ ಕಡೆಗೆ. ಹೊರಗಿನ ಅಲೆಯನ್ನು ಹವಳದ ದಿಬ್ಬವೇ ತಡೆಯುವುದರಿಂದ ಒಳಗಿನ ನೀರು ಶಾಂತವಾಗಿಯೂ ತಿಳಿಯಾಗಿಯೂ ಇರುತ್ತದೆ. ಈಜು ಬಾರದವರೂ ಲೈಫ್ ಜಾಕೆಟ್ ತೊಟ್ಟು, ಮುಖವನ್ನು ನೀರಿಗೆ ಹಾಕಿ ತೇಲಬಹುದು. ಅಗತ್ತಿಯ ಲಗೂನಿನಲ್ಲಿ ಕಡಲಹುಲ್ಲು ಮೇಯುವ ಹಸಿರು ಆಮೆಗಳು ಪ್ರಸಿದ್ಧ. ಅಲ್ಲಿ ಅವು ಎಷ್ಟು ಹೆಚ್ಚಿದ್ದವೆಂದರೆ ಹುಲ್ಲಿನ ಹಾಸನ್ನೇ ಬೋಳಿಸಿಬಿಟ್ಟುದನ್ನು ಸಂಶೋಧಕರು ದಾಖಲಿಸಿದ್ದಾರೆ. ಗಿಳಿಮೀನು ಹವಳವನ್ನು ಕೊಕ್ಕಿನಂಥ ಹಲ್ಲಿನಿಂದ ಕೆರೆದು ತಿನ್ನುತ್ತದೆ, ಅದರ ಹೊಟ್ಟೆಯಿಂದ ಹೊರಬೀಳುವ ಪುಡಿಯೂ ಆ ಬಿಳಿ ಮರಳಿನಲ್ಲಿ ಸೇರಿದೆ ಎಂದು ನಿಮ್ಮ ಮಗನಿಗೆ ಮೊದಲೇ ಹೇಳಿಡಿ; ಈ ವಯಸ್ಸಿನ ಹುಡುಗರಿಗೆ ಯಾವ ಗೈಡ್‌ನ ಭಾಷಣಕ್ಕಿಂತಲೂ ಅದು ಹೆಚ್ಚು ರುಚಿಸುತ್ತದೆ. ಇನ್ನೊಂದು ವಿಷಯವನ್ನೂ ಮುಚ್ಚಿಡಬೇಡಿ. 1998, 2010, 2016 ಮತ್ತು 2024ರಲ್ಲಿ ಸಮುದ್ರ ಬಿಸಿಯಾಗಿ ಇಲ್ಲಿನ ಹವಳ ದೊಡ್ಡ ಪ್ರಮಾಣದಲ್ಲಿ ಬಿಳಿಚಿಕೊಂಡಿತು, ಬಹಳಷ್ಟು ಸತ್ತಿತು. ಜಾಹೀರಾತಿನ ಚಿತ್ರದಲ್ಲಿರುವ ಬಣ್ಣಗಳನ್ನು ನಿರೀಕ್ಷಿಸಿ ನೀರಿಗಿಳಿದ ಹುಡುಗಿ ಬೂದು ದಿಬ್ಬವನ್ನು ಕಂಡು ಪೆಚ್ಚಾಗುತ್ತಾಳೆ, ಕಾರಣ ಗೊತ್ತಿರುವವಳು ಸತ್ತದ್ದು ಯಾವುದು, ಮತ್ತೆ ಚಿಗುರುತ್ತಿರುವುದು ಯಾವುದು ಎಂದು ಹುಡುಕುತ್ತಾಳೆ. ಹವಳದ ಮೇಲೆ ನಿಲ್ಲಬಾರದು, ದಡದಲ್ಲಿ ಬಿದ್ದ ತುಂಡನ್ನೂ ಚೀಲಕ್ಕೆ ಹಾಕಬಾರದು ಎಂಬುದನ್ನು ಹಡಗಿನಲ್ಲೇ ಹೇಳಿಬಿಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಹವಳಕ್ಕೆ ರಕ್ಷಣೆಯಿದೆ, ಹೊರಡುವಾಗ ಸಾಮಾನು ತಪಾಸಣೆಯಲ್ಲಿ ಸಿಕ್ಕಿಬಿದ್ದರೆ ಮುಜುಗರ ನಿಮಗೆ.

ಸ್ನಾರ್ಕೆಲಿಂಗ್ ಕೆಡುವುದು ಸಾಮಾನ್ಯವಾಗಿ ಸಮುದ್ರದಿಂದಲ್ಲ, ತಯಾರಿ ಇಲ್ಲದ್ದರಿಂದ. ನಿಮ್ಮ ಮಕ್ಕಳಲ್ಲಿ ಯಾರಿಗಾದರೂ ಕನ್ನಡಕವಿದೆಯೇ? ಇದ್ದರೆ ಎಲ್ಲಕ್ಕಿಂತ ಮೊದಲು ಅದರ ಬಗ್ಗೆ ಯೋಚಿಸಿ, ಏಕೆಂದರೆ ಮಾಸ್ಕ್‌ನೊಳಗೆ ಕನ್ನಡಕ ಕೂರುವುದಿಲ್ಲ, ಕನ್ನಡಕವಿಲ್ಲದೆ ಮೈನಸ್ ಮೂರರ ಕಣ್ಣಿಗೆ ಆಮೆಯೂ ಬಂಡೆಯೂ ಒಂದೇ. ಪವರ್ ಇರುವ ಗಾಜಿನ ಮಾಸ್ಕ್‌ಗಳು ಅಂಗಡಿಗಳಲ್ಲಿ ಸಿಗುತ್ತವೆ. ಕಣ್ಣಿನ ಡಾಕ್ಟರನ್ನು ಕೇಳಿ ಸಂಖ್ಯೆಗೆ ಹೊಂದುವುದನ್ನು ಮೊದಲೇ ಕೊಂಡುಕೊಳ್ಳಿ. ಎರಡನೆಯದಾಗಿ, ಬಾಯಿಯಿಂದ ಮಾತ್ರ ಉಸಿರಾಡುವುದು ಮೊದಲ ಸಲ ಯಾರಿಗೂ ಗಾಬರಿ ತರುತ್ತದೆ. ನಿಮ್ಮ ಸೊಸೈಟಿಯ ಈಜುಕೊಳದಲ್ಲಿಯೋ ಹತ್ತಿರದ ಕ್ಲಬ್ಬಿನಲ್ಲಿಯೋ ಕೆಲವು ಸಂಜೆ ಮಾಸ್ಕ್ ತೊಟ್ಟು ಅಭ್ಯಾಸ ಮಾಡಿಸಿದರೆ ದ್ವೀಪದಲ್ಲಿ ಆ ಗಾಬರಿಗೆ ಸಮಯ ವ್ಯರ್ಥವಾಗುವುದಿಲ್ಲ. ಬಟ್ಟೆಗೆ ಬಂದರೆ, ತುಂಬುತೋಳಿನ ಈಜುಡುಗೆ ಮತ್ತು ಲೆಗ್ಗಿಂಗ್ಸ್ ಎಲ್ಲ ರೀತಿಯಿಂದಲೂ ಒಳ್ಳೆಯದು: ಮುಖ ಕೆಳಗೆ ಮಾಡಿ ತೇಲುವಾಗ ಬಿಸಿಲು ಬೀಳುವುದು ಬೆನ್ನಿನ ಮೇಲೆ, ಕ್ರೀಮ್ ಹೆಚ್ಚು ಹಚ್ಚಬೇಕಾಗುವುದಿಲ್ಲ, ಮೇಲಾಗಿ ಸಂಪ್ರದಾಯಸ್ಥ ಮುಸ್ಲಿಂ ಊರುಗಳಾದ ಈ ದ್ವೀಪಗಳಲ್ಲಿ ದಡದಿಂದ ಊರೊಳಗೆ ಬರುವಾಗ ಮಗಳಿಗೆ ಸಂಕೋಚವೂ ಆಗುವುದಿಲ್ಲ. ಮಗಳ ತಿಂಗಳ ದಿನಗಳು ಪ್ರವಾಸದ ಹೊತ್ತಿಗೆ ಬೀಳುತ್ತವೆಯೇ ಎಂದು ಬುಕ್ ಮಾಡುವ ಮುಂಚೆ ನೀವೊಬ್ಬರೇ ಅವಳನ್ನು ಕೇಳಿಕೊಳ್ಳಿ. ಹೇಳಲು ನಾಚಿ, ಕೊನೆ ಗಳಿಗೆಯಲ್ಲಿ ಹೊಟ್ಟೆನೋವು ಎಂದು ಹಡಗಿನಲ್ಲೇ ಉಳಿದ ಹುಡುಗಿಯರನ್ನು ನಾನು ಕಂಡಿದ್ದೇನೆ. ಅಂಥ ದಿನಕ್ಕೆ ಕಯಾಕ್ ಇಟ್ಟುಕೊಂಡರೆ ಯಾರಿಗೂ ವಿವರಣೆ ಕೊಡಬೇಕಾಗಿಲ್ಲ.

ಸ್ಕೂಬಾ, ಅಂದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನಾಳಕ್ಕೆ ಇಳಿಯುವುದರ ಬಗ್ಗೆ ಮಗ ಖಂಡಿತ ಹಟ ಹಿಡಿಯುತ್ತಾನೆ. ಹಡಗಿನ ಪ್ರವಾಸಿಗರಿಗೆ ಮಾಡಿಸುವುದು ತರಬೇತುದಾರರು ಪಕ್ಕದಲ್ಲೇ ಹಿಡಿದುಕೊಂಡು ಕರೆದೊಯ್ಯುವ ಪರಿಚಯದ ಡೈವ್. ಡೈವಿಂಗ್ ತರಬೇತಿಯ ಅಂತರರಾಷ್ಟ್ರೀಯ ಸಂಸ್ಥೆ ಪಾಡಿಯ (PADI) ನಿಯಮದಂತೆ ಇಂಥ ಡೈವ್‌ಗೆ ಕನಿಷ್ಠ ವಯಸ್ಸು 10, ಗರಿಷ್ಠ ಆಳ 12 ಮೀಟರ್. ಆದ್ದರಿಂದ ವಯಸ್ಸಿನ ದೃಷ್ಟಿಯಿಂದ ನಿಮ್ಮ ಇಬ್ಬರು ಮಕ್ಕಳಿಗೂ ಅಡ್ಡಿಯಿಲ್ಲ. ಆದರೆ ಅಸ್ತಮಾ, ಕಿವಿಯ ತೊಂದರೆ, ಅಪಸ್ಮಾರ ಇತ್ಯಾದಿಗಳನ್ನು ಕೇಳುವ ಆರೋಗ್ಯದ ಫಾರ್ಮನ್ನು ಸಹಿ ಹಾಕಿ ಮುಗಿಸುವ ಶಾಸ್ತ್ರವೆಂದು ಭಾವಿಸಬೇಡಿ. ನೆಗಡಿಯಾಗಿದ್ದರೂ ಕಿವಿಯೊಳಗಿನ ಒತ್ತಡ ಸರಿಹೋಗದೆ ವಿಪರೀತ ನೋವಾಗುತ್ತದೆ. ಡೈವ್ ಮಾಡಿದ ಮೇಲೆ ರಕ್ತದಲ್ಲಿ ಕರಗಿದ ಸಾರಜನಕ ಹೊರಹೋಗಲು ಸಮಯ ಬೇಕಾದ್ದರಿಂದ, ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ಹೆಚ್ಚು ಆಗಿದ್ದರೆ 18 ಗಂಟೆ ವಿಮಾನ ಹತ್ತಬಾರದು. ಹಡಗಿನಲ್ಲೇ ಮರಳುವ ನಿಮಗೆ ಇದು ಬಾಧಿಸದು, ಆದರೆ ಗೋವಾದಲ್ಲಿ ಇಳಿದು ವಿಮಾನದಲ್ಲಿ ಪುಣೆಗೆ ಹೋಗುವ ಯೋಚನೆಯಿದ್ದರೆ ಲೆಕ್ಕ ಹಾಕಿಕೊಳ್ಳಿ. ನನ್ನ ಅಭಿಪ್ರಾಯ ಕೇಳಿದರೆ, ಈಜು ಬರುವ, ಹಿಂದೆ ಸ್ನಾರ್ಕೆಲಿಂಗ್ ಮಾಡಿರುವ ಹುಡುಗನಿಗೆ ಸ್ಕೂಬಾ ದುಡ್ಡಿಗೆ ತಕ್ಕದ್ದು. ಎರಡೂ ಹೊಸದಾದವನಿಗೆ ಅದೇ ಹಣದಲ್ಲಿ ಹೆಚ್ಚು ಹೊತ್ತಿನ ಸ್ನಾರ್ಕೆಲಿಂಗ್ ಉತ್ತಮ. ಅಣ್ಣ ಮಾಡುತ್ತಾನೆಂದು ತಂಗಿಯನ್ನು ಎಳೆಯಬೇಡಿ, ಅವಳು ಮಾಡುತ್ತೇನೆಂದರೆ ಚಿಕ್ಕವಳೆಂದು ತಡೆಯಲೂ ಬೇಡಿ.

ಇಡೀ ಕುಟುಂಬ ಒಂದೇ ಎಕ್ಸ್‌ಕರ್ಷನ್‌ಗೆ ಹೋಗಬೇಕೆಂಬ ನಿಯಮವೇನೂ ಇಲ್ಲ. ನಾವು ಮದುವೆಮನೆಗೆ ಹೋದಂತೆ ಎಲ್ಲರೂ ಗುಂಪಾಗಿಯೇ ಹೊರಡುತ್ತೇವೆ, ಆಮೇಲೆ ಅತ್ತೆಯವರ ಮಂಡಿನೋವಿಗಾಗಿ ಮಕ್ಕಳು ತೆಂಗಿನ ಮರದ ಕೆಳಗೆ ಕುಳಿತು ಮೊಬೈಲ್ ತೆಗೆಯುತ್ತಾರೆ, ಅಥವಾ ಮಕ್ಕಳಿಗಾಗಿ ಅವರು ಬಿಸಿಲಿನಲ್ಲಿ ಬೇಯುತ್ತಾರೆ. ನಿಮ್ಮವರು ಮಕ್ಕಳೊಂದಿಗೆ ನೀರಿಗೆ ಹೋಗಲಿ, ನೀವು ಅತ್ತೆಯವರೊಂದಿಗೆ ಗಾಜಿನ ತಳದ ದೋಣಿಯಲ್ಲಿ ಕುಳಿತುಕೊಳ್ಳಿ, ಮಧ್ಯಾಹ್ನ ಅದಲುಬದಲು ಮಾಡಿಕೊಳ್ಳಬಹುದು. ಹಡಗಿನಿಂದ ಅಲೆಯ ಮೇಲೆ ಏರಿಳಿಯುವ ದೋಣಿಗೆ ಕಾಲಿಡುವುದು ವಯಸ್ಸಾದವರಿಗೆ ಸುಲಭವಲ್ಲ ಎಂಬುದೂ ಗಮನದಲ್ಲಿರಲಿ. ಅವರು ಆ ದಿನ ಹಡಗಿನಲ್ಲೇ ವಿಶ್ರಾಂತಿ ಪಡೆಯಲು ಬಯಸಿದರೆ ಒತ್ತಾಯ ಬೇಡ.

ಊರು ಸುತ್ತಿಸುವ, ಮಸೀದಿ, ಮ್ಯೂಸಿಯಂ ತೋರಿಸುವ ಎಕ್ಸ್‌ಕರ್ಷನ್ ಮಕ್ಕಳಿಗೆ ಸೇರುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ವ್ಯಾನಿನಲ್ಲಿ ಕೂರಿಸಿ ತೋರಿಸಿದರೆ ಸೇರುವುದಿಲ್ಲ, ನಿಜ. ಸೈಕಲ್ಲಿನಲ್ಲಿ ಬಿಟ್ಟರೆ ಅದೇ ಮಕ್ಕಳು ದ್ವೀಪದ ಒಂದು ತುದಿಯಿಂದ ಇನ್ನೊಂದಕ್ಕೆ ಹೋಗಿ ಎರಡೂ ಬದಿಯ ಸಮುದ್ರವನ್ನು ನೋಡಿ ಬರುತ್ತಾರೆ. ಕಡ್ಮತ್ ಅಷ್ಟು ಸಪೂರವಾದ ದ್ವೀಪ. ನಮ್ಮವರಿಗೆ ಅಲ್ಲೊಂದು ನಂಟೂ ಇದೆ: ಕಡ್ಮತ್ ಸೇರಿದ ಅಮಿನ್‌ದಿವಿ ದ್ವೀಪಗಳು 1956ರಲ್ಲಿ ಕೇಂದ್ರಾಡಳಿತ ಪ್ರದೇಶವಾಗುವವರೆಗೂ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತದಲ್ಲಿದ್ದವು, ಅಲ್ಲಿನವರು ತೆಂಗಿನನಾರು ಮತ್ತು ಕೊಬ್ಬರಿ ತುಂಬಿಕೊಂಡು ಮಂಗಳೂರಿಗೆ ಬರುತ್ತಿದ್ದರು. ಈ ಕ್ರೂಸ್ ಕೈಗೂಡದೆ ಕೊಚ್ಚಿಯಿಂದ ಹೊರಡುವ ಸರ್ಕಾರಿ ಹಡಗಿನ ಪ್ಯಾಕೇಜ್ ಆರಿಸುವುದಾದರೆ, ಮಿನಿಕಾಯ್ ಇರುವುದನ್ನು ನೋಡಿ. ಅಲ್ಲಿ 1885ರ ದೀಪಸ್ತಂಭವಿದೆ. ಉಳಿದ ದ್ವೀಪಗಳ ಮಲಯಾಳಕ್ಕೆ ಬದಲಾಗಿ ಮಾಲ್ಡೀವ್ಸ್‌ನ ನುಡಿಗೆ ಹತ್ತಿರದ ಮಹಲ್ ಭಾಷೆ ಕೇಳಿಸುತ್ತದೆ.

ಮೊಬೈಲ್ ವಿಷಯಕ್ಕೆ ಹೆಚ್ಚು ಚಿಂತಿಸಬೇಡಿ. 2024ರ ಜನವರಿಯಲ್ಲಿ ಕೊಚ್ಚಿಯಿಂದ ಸಮುದ್ರದಡಿಯ ಕೇಬಲ್ ಉದ್ಘಾಟನೆಯಾದ ಮೇಲೆ ದ್ವೀಪಗಳಲ್ಲಿ ಇಂಟರ್ನೆಟ್ ಮೊದಲಿಗಿಂತ ಸುಧಾರಿಸಿದೆ, ಆದರೆ ಎಲ್ಲ ಕಂಪನಿಯ ಸಿಮ್‌ಗೂ ಸಿಗ್ನಲ್ ಸಿಗುತ್ತದೆಂದು ನಂಬಬೇಡಿ. ನೀರು ಹೋಗದ ಪೌಚ್ ಒಂದು ಕೊಡಿಸಿ, ಫೋಟೊ ತೆಗೆಯುವ ಕೆಲಸ ವಹಿಸಿದರೆ ಅದೇ ಮೊಬೈಲ್ ಪ್ರವಾಸದ ಭಾಗವಾಗುತ್ತದೆ.

ಹಣ ಕಟ್ಟುವ ಮುಂಚೆ ಒಂದು ಭಾನುವಾರ ಮುಂಬೈಯ ಗೇಟ್‌ವೇ ಆಫ್ ಇಂಡಿಯಾದಿಂದ ಎಲಿಫೆಂಟಾ ಗುಹೆಗಳ ದ್ವೀಪಕ್ಕೆ ಹೋಗಿ ಬನ್ನಿ. ಸುಮಾರು ಒಂದು ಗಂಟೆಯ ದೋಣಿ ಪ್ರಯಾಣದಲ್ಲಿ ಯಾರಿಗೆ ಹೊಟ್ಟೆ ತೊಳಸುತ್ತದೆ, ಅತ್ತೆಯವರಿಗೆ ದೋಣಿ ಹತ್ತಿ ಇಳಿಯುವುದು ಎಷ್ಟು ಕಷ್ಟ, ಗೈಡ್ ಹಿಂದೆ ನಡೆಯುವುದು ಮಕ್ಕಳಿಗೆ ಎಷ್ಟು ಹೊತ್ತು ಸಹ್ಯ ಎಂಬುದೆಲ್ಲ ಅಲ್ಲೇ ಗೊತ್ತಾಗುತ್ತದೆ. ಸೋಮವಾರ ಗುಹೆಗಳು ಮುಚ್ಚಿರುತ್ತವೆ. ಊರು ಕರಾವಳಿಯಾದರೆ, ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವುದೂ ಅಷ್ಟೇ ಒಳ್ಳೆಯ ಪರೀಕ್ಷೆ. ವಾಂತಿ ತಡೆಯುವ ಮಾತ್ರೆಯನ್ನು ಡಾಕ್ಟರನ್ನು ಕೇಳಿ, ದೋಣಿ ಹತ್ತುವ ಮೊದಲೇ ಕೊಡಬೇಕು. ತಲೆಸುತ್ತು ಶುರುವಾದ ಮೇಲೆ ಕೊಟ್ಟರೆ ಫಲ ಕಡಿಮೆ.

ಗೋವಾದ ದಿನಕ್ಕೆ ನಿಯಮವೇ ಬೇರೆ. ಲಕ್ಷದ್ವೀಪಕ್ಕೆ ಪ್ರವೇಶ ಪರವಾನಗಿ ಬೇಕಾದ್ದರಿಂದ ಅಲ್ಲಿ ಹಡಗಿನವರ ಏರ್ಪಾಡಿನಲ್ಲೇ ತಿರುಗುವುದು ಅನುಕೂಲ. ಗೋವಾದಲ್ಲಿ ಮೊರ್ಮುಗಾವ್ ಬಂದರಿನಲ್ಲಿ ಇಳಿದ ಮೇಲೆ ಬಸ್ಸಿನಲ್ಲಿ ಚರ್ಚು, ದೇವಸ್ಥಾನ, ಅಂಗಡಿ ಎಂದು ಸುತ್ತಿಸುವ ಎಕ್ಸ್‌ಕರ್ಷನ್ ಬಿಟ್ಟು ಟ್ಯಾಕ್ಸಿ ಮಾಡಿಕೊಂಡು, ಹಳೆ ಗೋವಾದಿಂದ ಫೆರಿಯಲ್ಲಿ ದಿವಾರ್ ದ್ವೀಪಕ್ಕೋ, ರಿಬಂದರ್‌ನಿಂದ ಚೋರಾಂವ್ ದ್ವೀಪದ ಸಲೀಂ ಅಲಿ ಪಕ್ಷಿಧಾಮಕ್ಕೋ ಹೋಗಿ ಕಾಂಡ್ಲಾ ಕಾಡಿನ ನಡುವೆ ನಡೆಯಬಹುದು. ಆದರೆ ಹಡಗಿನವರ ಎಕ್ಸ್‌ಕರ್ಷನ್ ತಡವಾದರೆ ಹಡಗು ಸಾಮಾನ್ಯವಾಗಿ ಕಾಯುತ್ತದೆ, ಸ್ವಂತವಾಗಿ ಹೋದವರಿಗಾಗಿ ಕಾಯುವುದಿಲ್ಲ. ಜುವಾರಿ ಸೇತುವೆಯ ಕಡೆಯ ವಾಹನ ದಟ್ಟಣೆಯನ್ನು ನೆನೆದು ಗಡುವಿಗಿಂತ ಒಂದೂವರೆ ಗಂಟೆ ಮುಂಚೆಯೇ ಬಂದರಿಗೆ ಮರಳುವ ಲೆಕ್ಕವಿಟ್ಟುಕೊಳ್ಳಿ.

ದೀಪಾವಳಿಯ ಹೊತ್ತಿಗೆ ಮಳೆಗಾಲ ಮುಗಿದು ಸಮುದ್ರ ಬಹುಮಟ್ಟಿಗೆ ಶಾಂತವಾಗಿರುತ್ತದೆ, ಆದರೂ ಅದು ಅರಬ್ಬೀ ಸಮುದ್ರದಲ್ಲಿ ಚಂಡಮಾರುತಗಳು ಏಳುವ ಕಾಲವೂ ಹೌದು. 2017ರ ಡಿಸೆಂಬರ್ ಆರಂಭದಲ್ಲಿ ಓಖಿ ಹಾದುಹೋದದ್ದು ಈ ದ್ವೀಪಗಳ ಮೇಲೆಯೇ. ಅಲೆ ಹೆಚ್ಚಾಗಿ ದ್ವೀಪಕ್ಕೆ ಇಳಿಸದಿದ್ದರೆ ಎಕ್ಸ್‌ಕರ್ಷನ್‌ನ ಹಣ ಪೂರ್ತಿ ವಾಪಸ್ ಬರುತ್ತದೆಯೇ, ನೀರಿನಲ್ಲಿ ನಿಜವಾಗಿ ಎಷ್ಟು ನಿಮಿಷ, ಒಬ್ಬ ತರಬೇತುದಾರರ ಪಾಲಿಗೆ ಎಷ್ಟು ಮಂದಿ, ಮಕ್ಕಳ ಅಳತೆಯ ಲೈಫ್ ಜಾಕೆಟ್ ಮತ್ತು ಮಾಸ್ಕ್ ಇವೆಯೇ, ಬಟ್ಟೆ ಬದಲಿಸುವ ಕೋಣೆ ಇದೆಯೇ ಎಂಬುದನ್ನು ಇಮೇಲ್‌ನಲ್ಲಿ ಕೇಳಿ, ಉತ್ತರವನ್ನೂ ಇಮೇಲ್‌ನಲ್ಲೇ ಪಡೆಯಿರಿ. ಸ್ಕೂಬಾದ ಸ್ಥಾನಗಳು ಬೇಗ ಮುಗಿಯುತ್ತವೆ. ಮಗನದು ಖಚಿತವಾಗಿದ್ದರೆ ಅದನ್ನು ಮೊದಲೇ ಕಾಯ್ದಿರಿಸಿ, ಮಗಳದನ್ನು ಹಡಗು ಹತ್ತಿದ ಸಂಜೆ ಅಲ್ಲಿನ ಕೌಂಟರ್‌ನಲ್ಲಿ ಅವಳನ್ನೇ ಮುಂದೆ ನಿಲ್ಲಿಸಿ ಮಾಡಿಸಿ.