ಹಳೇ ಫಿಯೆಟ್ ಕಾರಿನ ಕರೆಂಟ್ ತೊಂದರೆ: ವೈರಿಂಗ್ ಕೀಳೋ ಮುಂಚೆ ಅರ್ತಿಂಗ್ ನೋಡಿ

ಬೇಡ, ಈಗಲೇ ವೈರಿಂಗ್ ಪೂರ್ತಿ ಕೀಳಿಸಬೇಡಿ. ನೀವು ಹೇಳಿದ್ದು ಇಷ್ಟು: ಗಂಗಾವತಿಯಲ್ಲಿ ಅಕ್ಕಿ ಗಿರಣಿ ಪಕ್ಕದ ಶೆಡ್‌ನಲ್ಲಿ ವರ್ಷಗಟ್ಟಲೆ ನಿಂತಿದ್ದ ನಿಮ್ಮ ದೊಡ್ಡಪ್ಪನವರ 1969ರ ಫಿಯೆಟ್ 1100. ಎಂಜಿನ್ ಕೆಲಸ, ಟಿಂಕರಿಂಗ್, ಪೇಂಟಿಂಗ್ ಎಲ್ಲ ಮುಗಿದಿದೆ. ಈಗ ಹೊಸ ಬ್ಯಾಟರಿ ಎರಡೇ ರಾತ್ರಿಗೆ ಇಳಿದು ಹೋಗುತ್ತಿದೆ, ಹೆಡ್‌ಲೈಟ್ ಹಳದಿ, ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಂಕಾಗುತ್ತದೆ, ಒಂದು ಫ್ಯೂಸ್ ಪದೇ ಪದೇ ಹೋಗುತ್ತಿದೆ. ಊರಿನ ಎಲೆಕ್ಟ್ರಿಷಿಯನ್ ನೋಡಿ, ಎಲ್ಲ ಹೊಸ ವೈರಿಂಗ್ ಆಗಲೇಬೇಕು ಅಂದಿದ್ದಾರೆ.

ನಾನು ಬಳ್ಳಾರಿಯವನು. ಮನೆಯಲ್ಲಿ ಒಂದು ಫಿಯೆಟ್, ಒಂದು ಹಳೇ ಜೀಪು ಇವೆ. ಸ್ನೇಹಿತರ ಗಾಡಿಗಳಿಗೂ ಕೈ ಹಾಕುತ್ತಿರುತ್ತೇನೆ. ನನ್ನ ಅನುಭವದಲ್ಲಿ ಹಳೇ ಕಾರಿನಲ್ಲಿ ತಂತಿ ಕೆಡುವುದು ಕಡಿಮೆ, ಕೆಡುವುದು ತಂತಿಯ ಎರಡು ತುದಿ. ಲಗ್ (ವೈರ್ ತುದಿಯ ಲೋಹದ ಬಳೆ), ಸ್ಕ್ರೂ, ಬಲ್ಬ್ ಹೋಲ್ಡರ್, ಸ್ವಿಚ್ಚಿನ ಪಾಯಿಂಟ್, ಕಾರಿನ ಬಾಡಿಯ ತಗಡಿಗೆ ಅರ್ತಿಂಗ್ (ಕರೆಂಟ್ ವಾಪಸ್ ಹೋಗುವ ದಾರಿ) ಕೊಟ್ಟ ಜಾಗ. ಇವನ್ನು ಮುಟ್ಟದೆ ಹೊಸ ವೈರ್ ಎಳೆದರೆ ಅದೇ ತೊಂದರೆ ಹೊಸ ವೈರಿನಲ್ಲಿ ಬರುತ್ತದೆ, ಅಷ್ಟೇ.

ಮೊದಲ ಕೆಲಸ, ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿ ಟಾರ್ಚ್ ಹಿಡಿದು ಸುಮ್ನೆ ನೋಡುವುದು. ಅಕ್ಕಿ ಗಿರಣಿ ಪಕ್ಕ ನಿಂತ ಕಾರು ಅಂದರೆ ಇಲಿ ಬಾರದೇ ಇರುತ್ತಾ? ಸಿರುಗುಪ್ಪ, ಗಂಗಾವತಿ, ಸಿಂಧನೂರು, ಎಲ್ಲ ಭತ್ತದ ಸೀಮೆ. ಇಲ್ಲಿ ಶೆಡ್‌ನಲ್ಲಿ ನಿಂತ ಗಾಡಿಯ ಡ್ಯಾಶ್‌ಬೋರ್ಡ್ ಹಿಂದೆ, ಸೀಟಿನ ಕೆಳಗೆ, ಡಿಕ್ಕಿಯ ಮೂಲೆಯಲ್ಲಿ ಇಲಿ ಗೂಡು ಇದ್ದೇ ಇರುತ್ತದೆ ಅಂದುಕೊಂಡೇ ಹುಡುಕಿ. ಇಲಿ ಕಡಿದ ಜಾಗದಲ್ಲಿ ತಾಮ್ರ ಬರಿದಾಗಿ ಮಿನುಗುತ್ತಿರುತ್ತದೆ. ಆಮೇಲೆ ಫ್ಯೂಸ್ ಬಾಕ್ಸ್ ತೆಗೆದು ನೋಡಿ. ಫ್ಯೂಸ್ ಇರಬೇಕಾದ ಜಾಗದಲ್ಲಿ ತಂತಿಯ ಎಳೆಯೋ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದವೋ ಸುತ್ತಿದ್ದರೆ ಇವತ್ತೇ ಕಿತ್ತು ಹಾಕಿ. ಅದು ಇರುವಷ್ಟು ದಿನ ಶಾರ್ಟ್ ಆದಾಗ ಸುಡುವುದು ಫ್ಯೂಸ್ ಅಲ್ಲ, ಕಾರು.

ಈಗ ಅರ್ತಿಂಗ್. ಪೇಂಟ್ ಆಗಿ ಬಂದ ಕಾರಿನಲ್ಲೇ ಇದರ ಕಷ್ಟ ಜಾಸ್ತಿ, ಯಾಕೆಂದರೆ ಈ ಕಾರುಗಳಲ್ಲಿ ಬಲ್ಬಿನಿಂದ ಕರೆಂಟ್ ವಾಪಸ್ ಹೋಗುವುದು ಬಾಡಿಯ ತಗಡಿನ ಮೂಲಕ, ಪೇಂಟರ್ ಆ ತಗಡಿಗೆ ಪ್ರೈಮರ್, ಪುಟ್ಟಿ, ಮೂರು ನಾಲ್ಕು ಕೋಟ್ ಬಣ್ಣ ಹೊಡೆದಿರುತ್ತಾನೆ, ಅದರ ಮೇಲೇ ಬೋಲ್ಟ್ ಬಿಗಿದಿರುತ್ತಾರೆ. ಬಣ್ಣದಲ್ಲಿ ಕರೆಂಟ್ ಹರಿಯಲ್ಲ. ಬೋಲ್ಟಿನ ಎಳೆಗಳ ಮೂಲಕ ಅಲ್ಪಸ್ವಲ್ಪ ಹೋಗುತ್ತದೆ, ಹಾಗಾಗಿ ಲೈಟ್ ಹತ್ತುತ್ತದೆ ಆದರೆ ಮಂಕಾಗಿ. ಪ್ರತಿ ಅರ್ತಿಂಗ್ ಬೋಲ್ಟ್ ಬಿಚ್ಚಿ, ಲಗ್ ಕೂರುವಷ್ಟು ಜಾಗವನ್ನು ಎಮರಿ ಪೇಪರ್‌ನಿಂದ ತಗಡು ಹೊಳೆಯುವ ತನಕ ಉಜ್ಜಿ, ಬಿಗಿದು, ಮೇಲೆ ಸ್ವಲ್ಪ ವ್ಯಾಸಲೀನ್ ಸವರಿ. ಬಿಗಿದ ಮೇಲೆ ಸವರಬೇಕು, ಮುಂಚೆ ಅಲ್ಲ. ನಮ್ಮ ಕಡೆ ಅದಿರಿನ ಕೆಂಪು ಧೂಳು ಎಲ್ಲ ಸಂದಿಗೂ ಹೊಕ್ಕು ತೇವ ಹಿಡಿದಿಟ್ಟುಕೊಳ್ಳುತ್ತದೆ. ಸಂಡೂರು, ತೋರಣಗಲ್ಲು ರಸ್ತೆಯಲ್ಲಿ ಓಡಾಡುವ ಗಾಡಿಗಳಿಗೆ ಈ ಕೆಲಸ ವರ್ಷಕ್ಕೊಮ್ಮೆ ಬೇಕು.

ಎಂಜಿನ್ನಿನಿಂದ ಬಾಡಿಗೆ ಒಂದು ಹೆಣೆದ ತಾಮ್ರದ ಪಟ್ಟಿ ಇರಬೇಕು. ಎಂಜಿನ್ ಬಿಚ್ಚಿ ಕಟ್ಟಿದಾಗ ಮೆಕ್ಯಾನಿಕ್‌ಗಳು ಇದನ್ನು ಮರೆತು ಬಿಡುವುದು ತುಂಬಾ ಸಾಮಾನ್ಯ. ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ. ಪಟ್ಟಿ ಇಲ್ಲದಿದ್ದರೆ ಸೆಲ್ಫ್ ಹೊಡೆಯುವಾಗ ನೂರಕ್ಕೂ ಹೆಚ್ಚು ಆಂಪ್ ಕರೆಂಟ್ ವಾಪಸ್ ಹೋಗೋಕೆ ದಾರಿ ಹುಡುಕುತ್ತದೆ, ಚೋಕ್ ಕೇಬಲ್, ಆಕ್ಸಿಲರೇಟರ್ ಕೇಬಲ್ ಹಿಡಿಯುತ್ತದೆ. ಸೆಲ್ಫ್ ಹೊಡೆದ ಕೂಡಲೇ ಚೋಕ್ ಕೇಬಲ್ ಮುಟ್ಟಿ ನೋಡಿ. ಬಿಸಿ ಅನ್ನಿಸಿದರೆ ಉತ್ತರ ಸಿಕ್ಕಿತು. ಕೇಬಲ್ ಕವರ್ ಕರಗಿ ಹೊಗೆ ಬಂದ ಗಾಡಿಯನ್ನೂ ನೋಡಿದ್ದೇನೆ.

ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಂಕಾಗುವುದೂ ಇದೇ ಜಾತಿಯ ತೊಂದರೆ. ಹಿಂದಿನ ಲ್ಯಾಂಪಿನ ಅರ್ತಿಂಗ್ ಸರಿ ಇಲ್ಲದಾಗ ಬ್ರೇಕ್ ಫಿಲಮೆಂಟಿಗೆ ಬಂದ ಕರೆಂಟ್‌ಗೆ ನೇರವಾಗಿ ಬಾಡಿಗೆ ಹೋಗೋಕೆ ಆಗಲ್ಲ. ಅದು ಪಕ್ಕದ ಬಲ್ಬಿನ ಫಿಲಮೆಂಟ್ ಒಳಗೆ ಉಲ್ಟಾ ಹೊಕ್ಕು ಬೇರೆ ಲ್ಯಾಂಪಿನ ಕಡೆಯಿಂದ ಹೊರಗೆ ಹೋಗುತ್ತದೆ. ಅದಕ್ಕೇ ಒಂದು ಒತ್ತಿದರೆ ಇನ್ನೊಂದು ಮಿಣುಕುತ್ತದೆ. ಇದಕ್ಕೆ ಇಂಡಿಕೇಟರ್ ಸ್ವಿಚ್ ಬದಲಿಸುವವರಿದ್ದಾರೆ, ಫ್ಲ್ಯಾಷರ್ ಬದಲಿಸುವವರಿದ್ದಾರೆ. ನೀವು ಒಂದು ತುಂಡು ವೈರ್ ತಗೊಂಡು ಲ್ಯಾಂಪ್ ಹೋಲ್ಡರಿನ ಲೋಹಕ್ಕೆ ಒಂದು ತುದಿ, ಬ್ಯಾಟರಿ ನೆಗೆಟಿವ್‌ಗೆ ಇನ್ನೊಂದು ತುದಿ ಹಿಡಿದು ಬ್ರೇಕ್ ಒತ್ತಿಸಿ ನೋಡಿ. ಎಲ್ಲ ಸರಿಯಾಗಿ ಉರಿದರೆ ಒಂದು ರೂಪಾಯಿಯ ಸಾಮಾನೂ ಬೇಕಿಲ್ಲ, ಆ ಹೋಲ್ಡರ್ ಬಿಚ್ಚಿ ಉಜ್ಜಿದರೆ ಸಾಕು.

ಇನ್ನು ಹಳದಿ ಹೆಡ್‌ಲೈಟ್. ಇಲ್ಲಿ ಮಲ್ಟಿಮೀಟರ್ ಬೇಕೇ ಬೇಕು, ಸಾಧಾರಣದ್ದು ಸಾಕು. ಡಿಸಿ 20 ವೋಲ್ಟ್‌ಗೆ ಇಡಿ. ಲೈಟ್ ಹಾಕಿ, ಉರಿಯುತ್ತಿರುವಾಗಲೇ ಕೆಂಪು ಕಡ್ಡಿ ಹೆಡ್‌ಲೈಟಿನ ಅರ್ತಿಂಗ್ ಪಿನ್‌ಗೆ, ಕಪ್ಪು ಕಡ್ಡಿ ಬ್ಯಾಟರಿಯ ನೆಗೆಟಿವ್ ಸೀಸದ ಗುಬುಟಿಗೆ. ಕ್ಲ್ಯಾಂಪಿಗೆ ಅಲ್ಲ, ಸೀಸಕ್ಕೇ, ಯಾಕೆಂದರೆ ಕ್ಲ್ಯಾಂಪ್ ಕೂಡ ಸಂಶಯದ ಪಟ್ಟಿಯಲ್ಲಿದೆ. 0.2 ವೋಲ್ಟ್ ಒಳಗಿದ್ದರೆ ಅರ್ತಿಂಗ್ ಚೆನ್ನಾಗಿದೆ. 1 ವೋಲ್ಟ್ ತೋರಿಸಿದರೆ ಅಷ್ಟೂ ದಾರಿಯಲ್ಲಿ ವ್ಯರ್ಥವಾಗುತ್ತಿದೆ. ಹಾಗೇ ಪಾಸಿಟಿವ್ ಕಡೆ: ಕೆಂಪು ಬ್ಯಾಟರಿ ಪಾಸಿಟಿವ್‌ಗೆ, ಕಪ್ಪು ಬಲ್ಬಿಗೆ ಕರೆಂಟ್ ಬರುವ ಪಿನ್‌ಗೆ. ಇಲ್ಲಿ ಒಂದೂವರೆ ಎರಡು ವೋಲ್ಟ್ ಕಂಡರೆ ಆಶ್ಚರ್ಯ ಪಡಬೇಡಿ. ಬ್ಯಾಟರಿಯಿಂದ ಡ್ಯಾಶ್‌ಬೋರ್ಡಿನ ಸ್ವಿಚ್ಚಿಗೆ, ಅಲ್ಲಿಂದ ಲೋ, ಹೈ ಬದಲಿಸುವ ಡಿಪ್ಪರ್‌ಗೆ, ಅಲ್ಲಿಂದ ಮುಂದಕ್ಕೆ, ಐವತ್ತು ವರ್ಷದ ಪಾಯಿಂಟ್‌ಗಳನ್ನೆಲ್ಲ ದಾಟಿ ಬರಬೇಕಲ್ವಾ. ಬಲ್ಬಿಗೆ ಸಿಗುವ ವೋಲ್ಟೇಜ್ ನೂರಕ್ಕೆ ಹತ್ತು ಇಳಿದರೆ ಬೆಳಕು ಹತ್ತಿರ ಹತ್ತಿರ ಮೂವತ್ತು ಇಳಿಯುತ್ತದೆ.

ಇದಕ್ಕೆ ಒಳ್ಳೆಯ ದಾರಿ ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಆನ್ ಮಾಡುವ ಸ್ವಿಚ್. ಲೋ ಬೀಮಿಗೊಂದು, ಹೈ ಬೀಮಿಗೊಂದು. 30ನೇ ಪಿನ್‌ಗೆ ಬ್ಯಾಟರಿಯಿಂದ ಫ್ಯೂಸ್ ಹಾಕಿದ 2.5 ಸ್ಕ್ವೇರ್ ಎಂಎಂ ವೈರ್, 87ರಿಂದ ಬಲ್ಬಿಗೆ, 86ಕ್ಕೆ ಹಳೇ ಸ್ವಿಚ್ ವೈರ್, 85 ಬಾಡಿಗೆ. ಹಳೇ ಸ್ವಿಚ್ಚಿನ ಮೇಲೆ ಆಗ ಬೀಳುವುದು ರಿಲೇ ಕಾಯಿಲ್‌ನ ಅರ್ಧ ಆಂಪ್‌ಗೂ ಕಡಿಮೆ ಭಾರ. ಮೂಲ ವೈರ್ ಒಂದನ್ನೂ ಕತ್ತರಿಸದೆ ಮಾಡಬಹುದು. ನಾನು ಹೀಗೆ ಮಾಡಿದ ಮೇಲೆ ರಾತ್ರಿ ಕಂಪ್ಲಿ ರಸ್ತೆಯಲ್ಲಿ ದೀಪ ಇಲ್ಲದ ಎತ್ತಿನ ಬಂಡಿ ಮೊದಲಿಗಿಂತ ಎಷ್ಟೋ ಮುಂಚೆ ಕಾಣಿಸುತ್ತದೆ. ನನ್ನ ಮಟ್ಟಿಗೆ ಇದು ಕಾರಿನ ಅಂದಕ್ಕಿಂತ ದೊಡ್ಡದು.

ಹೆಡ್‌ಲೈಟ್ ಮಂಕು ಅಂತ 100 ವ್ಯಾಟ್ ಬಲ್ಬ್ ಹಾಕಿಸಬೇಡಿ. ಎರಡು ಬಲ್ಬಿಗೆ ಹದಿನಾರು ಹದಿನೇಳು ಆಂಪ್ ಆಯ್ತು. ಆ ಕಾಲದ ಡೈನಮೋಗಳಲ್ಲಿ ಹೆಸರು ಮಾಡಿದ ಲೂಕಾಸ್ ಸಿ40 ಕೂಡ ಕೊಡುತ್ತಿದ್ದುದು 22 ಆಂಪ್, ಅದೂ ಎಂಜಿನ್ ಓಡುವಾಗ. ಐಡಲಿಂಗ್‌ನಲ್ಲಿ ಡೈನಮೋ ಏನೂ ಕೊಡಲ್ಲ. ಬಳ್ಳಾರಿಯ ರಾಯಲ್ ಸರ್ಕಲ್ ಸಿಗ್ನಲ್‌ನಲ್ಲಿ ಲೈಟ್ ಹಾಕಿ ನಿಂತಾಗ ಚಾರ್ಜಿಂಗ್ ಲ್ಯಾಂಪ್ ಮಿಣುಕಿದರೆ ಅದು ರೋಗ ಅಲ್ಲ, ಡೈನಮೋದ ಸ್ವಭಾವ. ಎಂಜಿನ್ ಸ್ವಲ್ಪ ಏರಿಸಿ ಬ್ಯಾಟರಿ ಮೇಲೆ ಮೀಟರ್ ಇಟ್ಟಾಗ 14 ವೋಲ್ಟ್ ಆಸುಪಾಸು ಬಂದರೆ ಚಾರ್ಜಿಂಗ್ ಸರಿ ಇದೆ. 15 ದಾಟಿದರೆ ರೆಗ್ಯುಲೇಟರ್ ನೋಡಿಸಿ, ನಮ್ಮ ಬೇಸಿಗೆಯಲ್ಲಿ ಬ್ಯಾಟರಿ ನೀರು ಆವಿಯಾಗಿ ಹೋಗುತ್ತದೆ.

ಬ್ಯಾಟರಿ ರಾತ್ರಿ ಇಳಿಯುವುದನ್ನು ಹೀಗೆ ಹಿಡಿಯಿರಿ. ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿಸಿ, ಕೆಲವು ಗಂಟೆ ಬಿಟ್ಟು ಅಳೆದರೆ 12.6 ವೋಲ್ಟ್ ಇರಬೇಕು. ನೆಗೆಟಿವ್ ವೈರ್ ಬಿಚ್ಚಿಟ್ಟು ಬೆಳಿಗ್ಗೆ ಅಳೆಯಿರಿ. ಆಗಲೂ ಇಳಿದಿದ್ದರೆ ಬ್ಯಾಟರಿಯೇ ಸರಿ ಇಲ್ಲ, ಅಂಗಡಿಗೆ ವಾಪಸ್ ಒಯ್ಯಿರಿ. ಇಳಿಯದಿದ್ದರೆ ಗಾಡಿ ಕರೆಂಟ್ ಕುಡಿಯುತ್ತಿದೆ. ಕೀ ಆಫ್ ಮಾಡಿ, ಬಿಚ್ಚಿದ ವೈರಿಗೂ ಬ್ಯಾಟರಿ ಗುಬುಟಿಗೂ ನಡುವೆ 5 ವ್ಯಾಟ್ ಟೆಸ್ಟ್ ಲ್ಯಾಂಪ್ ಹಿಡಿಯಿರಿ. ನಿಮ್ಮ ಕಾರಿನಲ್ಲಿ ಕಂಪ್ಯೂಟರ್ ಇಲ್ಲ, ಗಡಿಯಾರ ಇಲ್ಲದಿದ್ದರೆ, ಹೊಸ ಮ್ಯೂಸಿಕ್ ಸಿಸ್ಟಮ್ ಹಾಕಿಸಿಲ್ಲದಿದ್ದರೆ ಲ್ಯಾಂಪ್ ಹತ್ತಲೇ ಬಾರದು. ಹತ್ತಿದರೆ ಫ್ಯೂಸ್‌ಗಳನ್ನು ಒಂದೊಂದೇ ತೆಗೆಯುತ್ತಾ ಹೋಗಿ, ಯಾವುದು ತೆಗೆದಾಗ ಆರುತ್ತದೋ ಕಳ್ಳ ಆ ಲೈನಿನಲ್ಲಿ. ಎಲ್ಲ ತೆಗೆದರೂ ಆರದಿದ್ದರೆ ಡೈನಮೋದ ಮೇನ್ ವೈರ್ ಬಿಚ್ಚಿ. ಆಗ ಆರಿತು ಅಂದರೆ ಎಂಜಿನ್ ನಿಂತಾಗ ಡೈನಮೋವನ್ನು ಬ್ಯಾಟರಿಯಿಂದ ಬೇರೆ ಮಾಡುವ ಕಟೌಟ್‌ನ ಪಾಯಿಂಟ್ ಅಂಟಿಕೊಂಡಿದೆ, ಎಂಜಿನ್ ನಿಂತ ಮೇಲೂ ಬ್ಯಾಟರಿಯ ಕರೆಂಟ್ ಡೈನಮೋದೊಳಗೆ ಹೋಗುತ್ತಿದೆ. ಆದರೆ ಅಷ್ಟು ಜೋರಾಗಿ ಅಂಟಿದ್ದರೆ ಬ್ಯಾಟರಿ ಎರಡು ರಾತ್ರಿ ತಡೆಯಲ್ಲ, ಕೆಲವೇ ಗಂಟೆಯಲ್ಲಿ ಮುಗಿಯುತ್ತದೆ. ಬ್ರೇಕ್ ಸ್ವಿಚ್ ಸಿಕ್ಕಿಕೊಂಡು ಎರಡು 21 ವ್ಯಾಟ್ ಬಲ್ಬ್ ಉರಿಯುತ್ತಿದ್ದರೂ ಮೂರೂವರೆ ಆಂಪ್, ಬೆಳಗಾಗುವಷ್ಟರಲ್ಲಿ ಸೆಲ್ಫ್ ಹೊಡೆಯಲ್ಲ. ಎರಡು ರಾತ್ರಿ ಅಂದರೆ ಅರ್ಧ ಮುಕ್ಕಾಲು ಆಂಪ್‌ನ ಲೆಕ್ಕ. ಒಂದೆರಡು ಸಣ್ಣ ಬಲ್ಬ್ ಎಲ್ಲೋ ಉರಿಯುತ್ತಿರಬಹುದು, ಇಲ್ಲವೇ ಇಲಿ ಕಡಿದ ಜಾಗದಲ್ಲಿ ಸೋರುತ್ತಿರಬಹುದು. ನನ್ನ ಅನುಮಾನ ಇಲಿಯ ಮೇಲೇ, ಫ್ಯೂಸ್ ಹೋಗುವುದಕ್ಕೂ ಅದೇ ಕಾರಣ ಇರಬಹುದು.

ಆ ಫ್ಯೂಸ್‌ಗೆ ಇನ್ನು ಹೊಸ ಫ್ಯೂಸ್ ಹಾಕಿ ಹಾಕಿ ಸುಡಬೇಡಿ. ಅದರ ಜಾಗಕ್ಕೆ ಒಂದು 21 ವ್ಯಾಟ್ ಬಲ್ಬ್ ಸಿಕ್ಕಿಸಿ. ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಪ್ರಕಾಶದಲ್ಲಿ ಉರಿಯುತ್ತದೆ, ಏನೂ ಸುಡುವುದಿಲ್ಲ. ಈಗ ಆ ಲೈನಿನ ಹಾರ್ನ್, ವೈಪರ್, ಏನೇನಿದೆಯೋ ಒಂದೊಂದೇ ಬಿಚ್ಚಿ. ಎಲ್ಲ ಬಿಚ್ಚಿದರೂ ಉರಿಯುತ್ತಿದ್ದರೆ ತಪ್ಪು ವೈರಿನಲ್ಲೇ ಇದೆ, ವೈರ್ ಕಟ್ಟನ್ನು ಕೈಯಲ್ಲಿ ಅಲುಗಾಡಿಸುತ್ತಾ ಬನ್ನಿ. ಬಲ್ಬ್ ಮಿಣುಕಿದ ಜಾಗವೇ ಜಾಗ. ತಗಡಿನ ತೂತಿನಲ್ಲಿ ವೈರ್ ದಾಟುವ ಕಡೆ ರಬ್ಬರ್ ಬುಷ್ ಇರುತ್ತದೆ, ನಮ್ಮ ಬಿಸಿಲಿಗೆ ಅದು ಗಟ್ಟಿಯಾಗಿ ಒಡೆದು ಉದುರಿ ಹೋಗಿ ತಗಡಿನ ಅಂಚು ವೈರನ್ನು ಕೊಯ್ಯುತ್ತಿರುತ್ತದೆ. ಮೊದಲು ಅಲ್ಲೇ ನೋಡಿ. ಕಡಿದ ಜಾಗ ಸಿಕ್ಕಿದರೆ ಆ ತುಂಡು ಮಾತ್ರ ಬದಲಿಸಿ, ಒಳ್ಳೆ ಆಟೋ ಕೇಬಲ್ ಹಾಕಿ ಹೀಟ್ ಶ್ರಿಂಕ್ ಸ್ಲೀವ್ ಏರಿಸಿ. ಮನೆ ವೈರಿಂಗ್‌ನ ಗಟ್ಟಿ ವೈರ್ ಬೇಡ, ಕಾರಿನ ಅದುರಿಗೆ ಒಳಗೇ ಮುರಿಯುತ್ತದೆ. ಬರೀ ಇನ್ಸುಲೇಷನ್ ಟೇಪೂ ಬೇಡ. ಏಪ್ರಿಲ್ ಮೇ ತಿಂಗಳಲ್ಲಿ ಬಾನೆಟ್ ಒಳಗೆ ಅದರ ಅಂಟು ಕರಗಿ ಟೇಪ್ ಜಾರುತ್ತದೆ.

ನೀವು ಕೇಳಿಲ್ಲ, ಆದರೂ ಬೇಸಿಗೆ ಬರುವ ಮುಂಚೆ ಹೇಳಿಬಿಡುತ್ತೇನೆ. ಅರ್ಧ ಮುಕ್ಕಾಲು ಗಂಟೆ ಓಡಿ ಎಂಜಿನ್ ನಿಂತು, ತಣ್ಣಗಾದ ಮೇಲೆ ತಾನೇ ಸ್ಟಾರ್ಟ್ ಆದರೆ ಎಲ್ಲರೂ ವೇಪರ್ ಲಾಕ್ (ಬಿಸಿಗೆ ಪೈಪಿನಲ್ಲಿ ಪೆಟ್ರೋಲ್ ಆವಿಯಾಗಿ ಕಟ್ಟಿಕೊಳ್ಳುವುದು) ಅನ್ನುತ್ತಾರೆ. ಇರಬಹುದು, ಆದರೆ ಪ್ಲಗ್ಗಿಗೆ ಕಿಡಿ ಕೊಡುವ ಇಗ್ನಿಷನ್ ಕಾಯಿಲ್ ಕೂಡ ಬಿಸಿಗೆ ಹೀಗೇ ಆಡುತ್ತದೆ. ನಿಂತ ಜಾಗದಲ್ಲೇ ಒಂದು ಪ್ಲಗ್ ಬಿಚ್ಚಿ ವೈರಿಗೆ ಸಿಕ್ಕಿಸಿ, ಪ್ಲಗ್ ತೂತಿನಿಂದ ದೂರ ಎಂಜಿನ್ ಲೋಹಕ್ಕೆ ತಾಗಿಸಿಟ್ಟು ಸೆಲ್ಫ್ ಹೊಡೆಸಿ. ಸುತ್ತ ಪೆಟ್ರೋಲ್ ಚೆಲ್ಲಿರಬಾರದು. ನೀಲಿ ಕಿಡಿ ಚಟಚಟ ಬಂದರೆ ಪೆಟ್ರೋಲ್ ಕಡೆ ನೋಡಿ, ಹಳದಿ ಸಣ್ಣ ಕಿಡಿ ಬಂದರೆ ಕಾಯಿಲ್, ಕಂಡೆನ್ಸರ್. ಕಾಯಿಲ್‌ನ ಎರಡು ಸಣ್ಣ ಟರ್ಮಿನಲ್‌ಗಳ ನಡುವೆ ಸುಮಾರು 3 ಓಮ್ ಬರಬೇಕು. 1.5 ಬಂದರೆ ಅದು ರೆಸಿಸ್ಟರ್ ಜೊತೆ ಹಾಕುವ ಜಾತಿಯ ಕಾಯಿಲ್, ರೆಸಿಸ್ಟರ್ ಇಲ್ಲದೆ ಹಾಕಿದರೆ ಕಾದು ಕಾದು ಸಾಯುತ್ತದೆ. ಹಳೇ ಕಂಡೆನ್ಸರ್ ಚೆನ್ನಾಗಿ ಕೆಲಸ ಮಾಡುತ್ತಿದ್ದರೆ ಎಸೆಯಬೇಡಿ, ಈಗ ಸಿಗುವ ಹೊಸವುಗಳ ಮೇಲೆ ನನಗೆ ಅಷ್ಟು ಭರವಸೆ ಇಲ್ಲ.

ಪೂರ್ತಿ ವೈರಿಂಗ್ ಬದಲಿಸಲೇಬೇಕಾದ ಗಾಡಿಗಳೂ ಇವೆ. ವೈರ್ ಬಗ್ಗಿಸಿದರೆ ಮೇಲಿನ ಪದರ ಪುಡಿಯಾಗಿ ಉದುರಿದರೆ, ಇಲ್ಲವೇ ಹತ್ತಾರು ಕಡೆ ಇಲಿ ಕಡಿದಿದ್ದರೆ ತೇಪೆ ಹಾಕಿ ಪ್ರಯೋಜನ ಇಲ್ಲ. ಹತ್ತಿಯ ನೂಲು ಹೆಣೆದ ರಬ್ಬರ್ ವೈರ್ ಇರುವ ಇನ್ನೂ ಹಳೇ ಗಾಡಿಗಳಲ್ಲಿ ನಾನೂ ಬದಲಿಸಿ ಅಂತಲೇ ಹೇಳುತ್ತೇನೆ. ನಿಮ್ಮದು ಹಾಗಿದ್ದರೂ ಚಿಂತೆ ಇಲ್ಲ. 1964ರಿಂದ ಪ್ರೀಮಿಯರ್ ಕಂಪನಿಯವರು ಮುಂಬೈನ ಕುರ್ಲಾದಲ್ಲಿ ಮಾಡಿದ 1100 ಡಿ ಕಾರೇ ಮುಂದೆ ಪದ್ಮಿನಿ ಅನ್ನೋ ಹೆಸರು ಪಡೆದು, ಎಲ್ಲ ಸೇರಿ ಮೂರು ದಶಕಕ್ಕೂ ಹೆಚ್ಚು ತಯಾರಾಯಿತು, ಹಾಗಾಗಿ ಸಾಮಾನು ಹುಡುಕಿದರೆ ಸಿಗುತ್ತದೆ. ಕೀಳುವ ಮುಂಚೆ ಪ್ರತಿ ತುದಿಯ ಫೋಟೊ ತೆಗೆದು ಚೀಟಿ ಕಟ್ಟಿ. ಹಳೇ ವೈರ್ ಕಟ್ಟನ್ನು ತುಂಡು ಮಾಡದೆ ಇಡೀ ಹೊರಗೆ ತೆಗೆಸಿ, ಹೊಸದಕ್ಕೆ ಅದೇ ಅಳತೆ.

ಇನ್ನೊಂದು ಮಾತು. ನಿಮ್ಮ ಫಿಯೆಟ್ ನೆಗೆಟಿವ್ ಅರ್ತಿಂಗ್. ಮಾರಿಸ್ ಮೈನರ್ ಥರದ ಆ ಕಾಲದ ಬ್ರಿಟಿಷ್ ಗಾಡಿಗಳಲ್ಲಿ ಪಾಸಿಟಿವ್ ಟರ್ಮಿನಲ್ ಬಾಡಿಗೆ ಇರುತ್ತಿತ್ತು. ಇದನ್ನು ಓದುತ್ತಿರುವ ಬೇರೆ ಯಾರಾದರೂ ಅಂಥ ಗಾಡಿ ಇಟ್ಟುಕೊಂಡಿದ್ದರೆ ಬ್ಯಾಟರಿ ಕೂರಿಸುವ ಮುಂಚೆ ನೋಡಿಕೊಳ್ಳಿ, ಮೇಲಿನ ಅಳತೆಗಳಲ್ಲೂ ಕಡೆ ಬದಲಾಗುತ್ತದೆ.

ಅರ್ತಿಂಗ್ ಉಜ್ಜಿದ ಮೇಲೆ ಮೂರು ಅಳತೆ ಇಲ್ಲಿ ಬರೆಯಿರಿ: ಸೆಲ್ಫ್ ಹೊಡೆಯುವಾಗ ಬ್ಯಾಟರಿ ವೋಲ್ಟೇಜ್, ಹೆಡ್‌ಲೈಟಿನ ಎರಡೂ ಕಡೆಯ ನಷ್ಟ, ಟೆಸ್ಟ್ ಲ್ಯಾಂಪ್ ಹತ್ತಿತೋ ಇಲ್ಲವೋ. ಫ್ಯೂಸ್ ಬಾಕ್ಸಿನ ಹಿಂಭಾಗದ ಫೋಟೊ ಇದ್ದರೆ ಅದನ್ನೂ ಹಾಕಿ, ಯಾವ ಲೈನ್ ಎಲ್ಲಿಗೆ ಹೋಗುತ್ತದೆ ಅಂತ ನೋಡಿ ಹೇಳುತ್ತೇನೆ.